ಬಾಯಲ್ಲಿ ಹಿಡಿದ ಕಡ್ಡಿ

ಮಧ್ಯಾಹ್ನದ ಊಟಕ್ಕೆ ಕೈ ತೊಳೆಯುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಹಿಡಿದದ್ದು ಬಿಡುವ ಲಕ್ಷಣ ಕಾಣಲಿಲ್ಲ. ನರ್ಸರಿಯಲ್ಲಿ ಅಲ್ಲಲ್ಲಿ ಬಗ್ಗಿಕೊಂಡು ಕೆಲಸ ಮಾಡುತ್ತಿದ್ದವರು ತಲೆಯ ಮೇಲೆ ಗೋಣಿ ಹೊದ್ದು, ಕಾಲಿಗೆ ಮೆತ್ತಿದ ಕೆಸರಿನ ಸಮೇತ, ಚೀಲಗಳಿಗೆ ಮಣ್ಣು ತುಂಬುವ ಶೆಡ್ಡಿನೊಳಗೆ ಓಡಿ ಬಂದರು. ತಗಡಿನ ಮಾಡು. ಮಳೆಯ ಸದ್ದಿಗೆ ಪಕ್ಕದವರ ಮಾತು ಕೇಳಬೇಕಾದರೆ ಕಿವಿಯನ್ನು ಅವರ ಬಾಯಿಗೇ ಒಯ್ಯಬೇಕಿತ್ತು. ಸ್ವಲ್ಪ ಹೊತ್ತಿಗೆ ಆ ಆರ್ಭಟ ಇಳಿದು ಒಂದೇ ಹದದಲ್ಲಿ ಸುರಿಯತೊಡಗಿದಾಗ, ಮಣ್ಣಿನ ಗುಡ್ಡೆಯ ಸುತ್ತ ಜನ ಕೂತಿದ್ದರು, ಡಬ್ಬಿಗಳ ಮುಚ್ಚಳಗಳು ತೆರೆದಿದ್ದವು.

ಹೊಸಕೈ ಮಾತ್ರ ತನ್ನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. ಬೇರೆ ನರ್ಸರಿ ಬಿಟ್ಟು ಇಲ್ಲಿಗೆ ಕಸಿ ಕಟ್ಟಲು ಬಂದು ನಾಲ್ಕು ತಿಂಗಳಾದರೂ ಅವಳ ಹೆಸರು ಹೊಸಕೈ ಎಂದೇ ಉಳಿದಿತ್ತು. ಅದನ್ನು ಹೇಳುವ ಧಾಟಿಯಲ್ಲಿ ಪ್ರೀತಿಯೇನೂ ಇರಲಿಲ್ಲ. ಅವಳಿಗೆ ಹಸಿವಿರಲಿಲ್ಲ. ಬೆಳಗಿನಿಂದ ನಾಲಗೆಯ ಮೇಲೆ ಒಂದು ಹುಳಿ ನಿಂತುಬಿಟ್ಟಿತ್ತು. ನೀರು ಕುಡಿದರೂ ಹೋಗಿರಲಿಲ್ಲ.

ಶೆಡ್ಡಿನ ಬಾಗಿಲಿಗೆ ಎದುರಾಗಿ ಆ ಮರ ನೆನೆಯುತ್ತ ನಿಂತಿತ್ತು. ಲಿಚಿಯ ದಾಯಾದಿ ಅದು. ಯಜಮಾನರ ಹಲಗೆಯ ಮೇಲೆ ಅದರ ಪರದೇಶದ ಹೆಸರು ಬರೆದಿದ್ದರೂ ಯಾರ ನಾಲಗೆಯೂ ಅದಕ್ಕೆ ಹೊರಳದೆ, ಎಲ್ಲರೂ ಹಸಿರು ಲಿಚಿ ಎನ್ನುತ್ತಿದ್ದರು. ಹಣ್ಣಾದರೂ ಸಿಪ್ಪೆ ಹಸಿರೇ. ಹಲ್ಲಿನಿಂದ ಕಚ್ಚಿ ಒಡೆದರೆ ಒಳಗೆ ತೆಳು ಕಿತ್ತಳೆ ಬಣ್ಣದ, ಲೋಳೆಯಂಥ ತಿರುಳು. ಅದರೊಳಗೆ ಬಾಯಿ ತುಂಬುವಷ್ಟು ದೊಡ್ಡ ಬೀಜ. ಅಗಿಯುವ ಹಣ್ಣಲ್ಲ ಅದು, ಚೀಪುವ ಹಣ್ಣು. ಅದರ ರಸ ಬಟ್ಟೆಗೆ ತಾಗಿದರೆ ಬಟ್ಟೆ ಹರಿದರೂ ಕಲೆ ಹೋಗದು.

ಬೆಳಿಗ್ಗೆ ಮೇಸ್ತ್ರಿ ಅದೇ ಮರದಿಂದ ನಲವತ್ತು ಕಸಿ ಕಡ್ಡಿ ಕೊಯ್ದು ಕಟ್ಟಲು ಅವಳಿಗೆ ಒಪ್ಪಿಸಿದ್ದ. ಕೊಯ್ದ ಕಡ್ಡಿಯನ್ನು ಒದ್ದೆ ಗೋಣಿಯಲ್ಲೇ ಇಡಬೇಕೆಂಬುದು ಇಲ್ಲಿನ ಕಟ್ಟುನಿಟ್ಟು. ಆದರೆ ಹೊಸಕೈಗೆ ಕಸಿ ಕಲಿಸಿದ ಸೋದರಮಾವ, ಹೆರೆದ ಕಡ್ಡಿಯನ್ನು ತುಟಿಗಳ ನಡುವೆ ಹಿಡಿದುಕೊಳ್ಳಲು ಕಲಿಸಿದ್ದ; ಹಾಗೆ ಹಿಡಿದರೆ ಹೆರೆದ ಮೈ ಒಣಗುವುದಿಲ್ಲ, ಕಸಿ ಕೂರಿಸುವ ಬೇರುಸಸಿಯನ್ನು ಸೀಳಲು ಎರಡೂ ಕೈ ಬಿಡುವಾಗಿರುತ್ತವೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಚೀಲ ತುಂಬುವ ದಪ್ಪಕ್ಕ, “ಏನ್ ಬೇಕಾದ್ರೂ ಬಾಯಿಗೆ ಹಾಕ್ಕೋ ತಾಯಿ, ಆ ಮರದ್ದೊಂದು ಬೇಡ” ಎಂದು ಎಲ್ಲರ ಮುಂದೆ ಹೇಳಿದಾಗ ಎಲ್ಲರೂ ನಕ್ಕಿದ್ದರು. ಹೊಸಬಳು ಹಣ್ಣು ಕದಿಯುತ್ತಾಳೆಂದು ತನ್ನನ್ನು ಚುಚ್ಚಿದ್ದಾಳೆ ಎಂದುಕೊಂಡಿದ್ದಳು ಹೊಸಕೈ. ಆ ಕಿಚ್ಚು ಒಳಗೇ ಇತ್ತು. ಈವತ್ತು ಬೇಕೆಂದೇ, ನಲವತ್ತು ಕಡ್ಡಿಗಳನ್ನೂ ಒಂದಾದ ಮೇಲೊಂದರಂತೆ ಬಾಯಲ್ಲಿ ಹಿಡಿದೇ ಕಟ್ಟಿ ಮುಗಿಸಿದ್ದಳು.

“ತಾತ, ಮರದ ಕತೆ ಹೇಳಿ” ಎಂದ ವ್ಯಾನಿನ ಡ್ರೈವರ್. “ಊಟ ಇಳಿಯುತ್ತೆ.”

“ನಿನಗೆ ಇಳಿಯೋಕೆ ಕತೆ ಬೇರೆ ಬೇಕಾ?” ಎಂದಳು ದಪ್ಪಕ್ಕ. “ಡಬ್ಬಿ ಸಮೇತ ಇಳಿಯುತ್ತಲ್ಲ ನಿನಗೆ.”

ತಾತ ಮೂಲೆಯ ಬೆಂಚಿನ ಮೇಲೆ ಕೂತು ಸಾಣೆಕಲ್ಲಿನ ಮೇಲೆ ಚಾಕು ಮಸೆಯುತ್ತಿದ್ದ. ಒಂದು ಕಾಲಕ್ಕೆ ಹೆಸರಾದ ಕಸಿಗಾರ. ಕೈ ನಡುಗಲು ತೊಡಗಿದ ಮೇಲೆ ಬೇರೆಯವರ ಚಾಕು ಹರಿತ ಮಾಡುವುದಷ್ಟೇ ಅವನ ಕೆಲಸವಾಗಿತ್ತು. ಮಳೆ ಬಂದಾಗಲೆಲ್ಲ ಈ ಕತೆಯನ್ನು ಅವನು ಹೇಳುತ್ತಾನೆಂದು ಹೊಸಕೈ ಕೇಳಿದ್ದಳು. ಅವಳು ಬಂದ ಮೇಲೆ ಇದೇ ಮೊದಲ ಮಳೆ. ತಾತ ತಲೆಯೆತ್ತಿ ಅವಳನ್ನೇ ನೋಡಿದ. ಆ ಬೆಂಚಿನಿಂದ ಕಸಿ ಕಟ್ಟುವ ಜಾಗ ನೇರವಾಗಿ ಕಾಣುತ್ತದೆ ಎಂಬುದು ಅವಳಿಗೆ ಆಗ ಹೊಳೆಯಿತು.

“ಹೇಳ್ತೀನಿ” ಎಂದ ತಾತ. “ಇವತ್ತು ಹೇಳಲೇಬೇಕು.”

ಕಲ್ಲಿನ ಮೇಲೆ ಚಾಕು ಒಮ್ಮೆ ಹೋಗಿ ಬಂತು.

“ನಾನಾಗ ಇಪ್ಪತ್ತರ ಹುಡುಗ. ಈ ಶೆಡ್ಡಿನ ಹಿಂದೆ ಗೊಬ್ಬರದ ಮೂಟೆ ಹಾಕಿರೋ ಕೋಣೆ ಇದೆಯಲ್ಲ, ಅಲ್ಲಿ ನಾವು ಮೂರು ಜನ… ನಮ್ಮಣ್ಣ, ನಮ್ಮತ್ತಿಗೆ, ನಾನು. ಅಣ್ಣ ಇಲ್ಲಿನ ಕಸಿಗಾರ. ಅತ್ತಿಗೆ ಅವನಿಗೆ ಕಡ್ಡಿ ಎತ್ತಿಕೊಡೋಕೆ ಅಂತ ಬಂದವಳು, ಆರು ತಿಂಗಳಲ್ಲಿ ಅವನ ಕೈಯಿಂದ ಚಾಕುನೇ ತಗೊಂಡುಬಿಟ್ಲು. ಕೊಸರಾಡಿ ತಗೊಂಡದ್ದಲ್ಲ, ಅವಳ ಕೈಗೆ ಅದು ತಾನಾಗೇ ಹೋಯ್ತು. ದೇವರು ಕೆಲವರ ಕೈ ಮಾಡುವಾಗ ಪುರುಸೊತ್ತಾಗಿ ಕೂತು ಮಾಡಿರ್ತಾನೆ ನೋಡಿ, ಅಂಥ ಕೈ. ಅಣ್ಣ ನೂರು ಕಟ್ಟಿದ್ರೆ ಅರವತ್ತು ಹತ್ತಿ ಚಿಗುರೋದು. ಅವಳು ನೂರು ಕಟ್ಟಿದ್ರೆ… ಸತ್ತದ್ದು ಯಾವುದು ಅಂತ ಹುಡುಕಬೇಕು, ಹುಡುಕಿದ್ರೂ ಸಿಗಲ್ಲ. ಕಡ್ಡಿನ ಯಾವಾಗಲೂ ಬಾಯಲ್ಲೇ ಹಿಡೀತಿದ್ಲು. ನನ್ನ ಉಸಿರು ತಾಗಿದ್ರೆ ಅದು ಸಾಯಲ್ಲ ಕಣೋ ಅನ್ನೋಳು…”

ಹೊಸಕೈ ಡಬ್ಬಿಯ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡಳು. ಬೆರಳುಗಳ ಸಂದಿಯಲ್ಲಿ ಬೆಳಗಿನ ಹಸಿರು ಇನ್ನೂ ಅಂಟಿಕೊಂಡಿತ್ತು.

“ಆ ಮರಕ್ಕೆ ಆಗ ಹನ್ನೆರಡು ವರ್ಷ. ಇದರ ಜಾತೀಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಇದು ಗಂಡು. ವರ್ಷಾ ವರ್ಷಾ ಹೂ ಬಿಡೋದು, ನೆಲಕ್ಕೆ ಉದುರಿಸೋದು, ಇಷ್ಟೇ ಇದರ ಸಂಸಾರ. ಕಡಿದು ಸೌದೆ ಮಾಡೋಣ ಅಂದ ಅಣ್ಣ. ಯಜಮಾನರೂ ಹೂಂ ಅಂದ್ರು. ಅತ್ತಿಗೆ ಏನ್ ಮಾಡಿದ್ಲು ಗೊತ್ತಾ? ಎರಡು ದಿನದ ದಾರಿ ಹೋಗಿ, ಯಾರದೋ ತೋಟದ ಹೆಣ್ಣು ಮರದಿಂದ ಕಡ್ಡಿ ತಂದು, ಏಣಿ ಹತ್ತಿ, ಪರಾಗಕ್ಕೆ ಅಂತ ಒಂದು ಕೊಂಬೆ ಬಿಟ್ಟು, ಮಿಕ್ಕ ಒಂದೊಂದೇ ಕೊಂಬೆಗೆ ಕಟ್ಟಿದ್ಲು. ಅಣ್ಣ ಕೆಳಗೆ ನಿಂತು ನಗ್ತಿದ್ದ… ಗಂಡಿಗೆ ಸೀರೆ ಉಡಿಸ್ತಾಳಂತೆ ನೋಡ್ರೋ, ಅಂತ. ನಾವೂ ನಕ್ಕಿದ್ವಿ. ಅವಳು ಏನೂ ಅನ್ನಲಿಲ್ಲ, ಬಾಯಲ್ಲಿ ಕಡ್ಡಿ ಇತ್ತಲ್ಲ.

“ಎಲ್ಲಾ ಹತ್ತಿದವು. ನಾಲ್ಕನೇ ವರ್ಷ ಮರ ಮೈತುಂಬ ಗೊಂಚಲು. ಯಜಮಾನರು ಬಂದು ನೋಡಿ, ಇನ್ನು ಮುಂದೆ ಈ ನರ್ಸರಿಗೆ ದೊಡ್ಡ ಕಸಿಗಾರಳು ಈ ತಾಯಿ, ಅಂದ್ರು. ಅವತ್ತಿಂದ ಅಣ್ಣ ಅವಳಿಗೆ ಕಡ್ಡಿ ಎತ್ತಿಕೊಡಬೇಕು. ಗಂಡ ಅನ್ನಿಸ್ಕೊಂಡವನು… ಹೆಂಡತಿಗೆ, ನಾಲ್ಕು ಜನರ ಮುಂದೆ. ಮನೇಲಿ ಮಾತಿಲ್ಲ. ಮೂರು ಜನ ಒಂದೇ ಕೋಣೇಲಿ ಉಣ್ತೀವಿ, ಅಗಿಯೋ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಅಂಥ ಮನೇಲಿ ನೀವು ಇದ್ದೀರಾ? ಇದ್ದವರಿಗೆ ಹೇಳೋದೇ ಬೇಡ.”

ಮೇಸ್ತ್ರಿ ತುತ್ತು ಕಲೆಸುತ್ತ ಕಲೆಸುತ್ತ ಕೈ ನಿಲ್ಲಿಸಿದ್ದ.

“ಮೊದಲ ಹಣ್ಣು ಕಿತ್ತ ದಿನ. ಅತ್ತಿಗೆ ಗೊಂಚಲು ಹಿಡ್ಕೊಂಡು ಏಣಿ ಇಳಿದ್ಲು, ಒಂದು ಹಣ್ಣು ಹಲ್ಲಲ್ಲಿ ಒಡೆದು ಬಾಯಿಗೆ ಹಾಕ್ಕೊಂಡ್ಲು, ಇನ್ನೊಂದನ್ನ ಅಣ್ಣನ ಕಡೆ ನೀಡಿ, ತಗೊಳ್ಳಿ, ನಿಮ್ಮ ಸೌದೆ ಹೇಗಿದೆ ರುಚಿ ನೋಡಿ, ಅಂದ್ಲು. ಅಂದು ನಕ್ಕಳು. ಪಾಪದವಳು, ಒಂದೇ ಒಂದು ಸಲ ನಕ್ಕಿದ್ದು. ಆ ನಗೂನಲ್ಲಿ ಬೀಜ ಗಂಟಲಿಗೆ ಜಾರ್ತು…”

“ಆಗ ತಾತ ನೀರು ತರೋಕೆ ಹೋಗಿದ್ರು” ಎಂದು ದಪ್ಪಕ್ಕ ಡ್ರೈವರನಿಗೆ ಪಿಸುಗುಟ್ಟಿದಳು. ಪ್ರತಿ ಮಳೆಗೂ ಕೇಳಿ ಅವಳಿಗೆ ಇಡೀ ಕತೆ ಬಾಯಿಪಾಠವಾಗಿತ್ತು.

ಚಾಕು ಕಲ್ಲಿನ ಮೇಲೆ ನಿಂತಿತು.

“ಹಾಗಂತ ಹೇಳ್ತಾ ಬಂದಿದ್ದೀನಿ” ಎಂದ ತಾತ. “ಎಷ್ಟು ಮಳೆಗಾಲ ಹೇಳಿದೆನೋ ದೇವರಿಗೇ ಗೊತ್ತು. ಇವತ್ತು ಆ ಮಾತು ಬೇಡ. ನಾನೆಲ್ಲೂ ಹೋಗಿರಲಿಲ್ಲ.”

ದೇವರು ಎಲ್ಲವನ್ನೂ ನೋಡುತ್ತಿರುತ್ತಾನೆ ಎಂಬ ಮಾತಿನಲ್ಲಿ ನೆಮ್ಮದಿ ಕಾಣುವವರಿದ್ದಾರೆ. ಅದೇ ಮಾತಿಗೆ ಜೀವಮಾನವಿಡೀ ತಲೆ ತಗ್ಗಿಸಿ ನಡೆಯುವವರೂ ಇದ್ದಾರೆ. ತಾತ ಎರಡನೆಯವರ ಪೈಕಿ ಎಂಬುದು ಹೊಸಕೈಗೆ ಅವನ ಕುತ್ತಿಗೆ ನೋಡಿದರೇ ತಿಳಿಯುವಂತಿತ್ತು.

“ಹತ್ತು ಹೆಜ್ಜೆ ದೂರದಲ್ಲಿದ್ದೆ. ಅಣ್ಣ ನಾಲ್ಕು ಹೆಜ್ಜೆ. ಅವಳು ಗಂಟಲಿಗೆ ಕೈ ಇಟ್ಕೊಂಡು ಮೊದಲು ಅವನ ಮುಖ ನೋಡಿದ್ಲು. ಆಮೇಲೆ ನನ್ನ ಮುಖ. ಬೆನ್ನಿಗೆ ಎರಡು ಗುದ್ದು… ಅಷ್ಟೇ ಬೇಕಿದ್ದದ್ದು. ಚಿಕ್ಕ ಮಕ್ಕಳಿಗೂ ಗೊತ್ತಿರುತ್ತೆ. ಅಣ್ಣ ನಿಂತ. ಅವನ ಮುಖದಲ್ಲಿ ಏನಿತ್ತು ಅಂತ ಹೇಳಲಿ, ಏನೂ ಇರಲಿಲ್ಲ, ತೊಳೆದಿಟ್ಟ ತಟ್ಟೆ ಹಾಗಿತ್ತು. ಮತ್ತೆ ನಾನು? ಅವನ ಹೆಂಡತಿ, ಅವನು ಮೊದಲು ಹೋಗಲಿ ಅಂದ್ಕೊಂಡೆ. ಅವನು ಹೋಗಲಿಲ್ಲ. ನಾನೂ ಹೋಗಲಿಲ್ಲ. ಕಾಲು ಏಳಲಿಲ್ಲ ಅಂತ ಜನಕ್ಕೆ ಹೇಳಿದ್ವಿ ಇಬ್ಬರೂ. ಸುಳ್ಳು. ಕಾಲು ಏಳೋದು. ನಾವು ಎಬ್ಬಿಸಲಿಲ್ಲ… ಅವಳು ಬಿದ್ದ ಮೇಲೂ ಕಣ್ಣು ನಮ್ಮ ಕಾಲುಗಳ ಮೇಲೇ ಇತ್ತು.”

“ಸಾಕು ಬಿಡಿ ತಾತ” ಎಂದ ಮೇಸ್ತ್ರಿ ಮೆಲ್ಲಗೆ.

“ಸಾಕಾಗೋದಾಗಿದ್ರೆ ಅವತ್ತೇ ಸಾಕಾಗ್ತಿತ್ತು ಮೇಸ್ತ್ರಿ. ಕೇಳು. ಎರಡು ವರ್ಷ ಕಳೀತು. ಅಣ್ಣ ಇನ್ನೊಂದು ಮದುವೆಯಾದ, ಮತ್ತೆ ಅವನೇ ದೊಡ್ಡ ಕಸಿಗಾರ. ಮರದಿಂದ ಕಡ್ಡಿ ಕೊಯ್ದ. ಅವಳ ಹಾಗೇ ಬಾಯಲ್ಲಿ ಹಿಡಿದು ಕಟ್ಟೋಕೆ ಹೋದ… ಅವಳ ಕೈಗುಣ ಅದರಲ್ಲೇ ಇತ್ತು ಅಂದ್ಕೊಂಡನೋ ಏನೋ. ಮಧ್ಯಾಹ್ನ ಯಾಕೋ ಬಾಯೆಲ್ಲ ಹುಳಿ ಅಂದ, ಊಟ ಬಿಟ್ಟ. ಸಂಜೆ ಉಣ್ಣೋಕೆ ಹೆಂಡತಿ ಎದುರು ಕೂತ. ಅವನು ಮೊದಲ ತುತ್ತು ಬಾಯಿಗಿಟ್ಟ, ಅದೇ ಗಳಿಗೇಲಿ ಅವಳ ಕೈ ಗಂಟಲಿಗೆ ಹೋಯ್ತು. ತಟ್ಟೆ ಬಿದ್ದ ಸದ್ದಿಗೆ ನಾನು ಹೊರಗಿಂದ ಓಡಿ ಬಂದೆ. ಏನ್ ನೋಡಿದೆ ಅಂತೀರಿ… ಅಣ್ಣ ನಿಂತಿದಾನೆ. ಕಣ್ಣಲ್ಲಿ ನೀರು ದಳದಳ ಅಂತ ಸುರೀತಿದೆ, ಕೈ ಮುಂದಕ್ಕೆ ಚಾಚಿದಾನೆ, ಸೊಂಟದಿಂದ ಮೇಲೆ ಇಡೀ ಮೈ ಅವಳ ಕಡೆ ವಾಲಿದೆ. ಕಾಲು ಮಾತ್ರ ನೆಲದಲ್ಲಿ ನೆಟ್ಟ ಹಾಗಿದೆ. ಈ ಸಲ ಸುಳ್ಳಲ್ಲ. ಈ ಸಲ ನಿಜವಾಗಲೂ ಏಳಲಿಲ್ಲ. ನಾನು ಹೋಗಿ ಅವಳನ್ನ ಹಿಡಿಯೋ ಹೊತ್ತಿಗೆ ಎಲ್ಲಾ ಮುಗಿದಿತ್ತು.

“ಆಮೇಲೆ ಬಂದ ಕಸಿಗಾರನಿಗೆ ನಾನೇನೂ ಹೇಳಲಿಲ್ಲ. ನಂಬಿಕೆ ಬರಬೇಕಲ್ಲ ನನಗೇ. ಅವನೂ ಕಡ್ಡಿ ಬಾಯಲ್ಲಿ ಹಿಡಿದ. ಅವನ ತಾಯಿ ಹೋದ್ಲು. ಅದರ ಮುಂದಿನವನದ್ದು… ತಂಗಿ ಮಗು. ಮೂರು ವರ್ಷದ್ದು. ಮಾವನ ಎದುರು ಕೂತು ಉಣ್ಣಬೇಕು ಅಂತ ಹಟ ಮಾಡಿತ್ತಂತೆ.”

ಹೊಸಕೈಯ ಮಗಳಿಗೆ ಆರು ವರ್ಷ. ತಾಯಿ ಕೆಲಸದಿಂದ ಬರುವವರೆಗೆ ಪಕ್ಕದ ಮನೆಯಲ್ಲಿ ಕೂತಿರುತ್ತಾಳೆ, ಬಂದ ಮೇಲೆ ಒಂದೇ ತಟ್ಟೆ ಇಟ್ಟುಕೊಂಡು ಇಬ್ಬರೂ ಎದುರುಬದುರು ಉಣ್ಣುತ್ತಾರೆ. ಮೊದಲು ನೀನು, ಆಮೇಲೆ ನಾನು ಎಂಬುದು ಮಗಳ ಆಟ. ಮೊದಲ ತುತ್ತು ಯಾವಾಗಲೂ ತಾಯಿಯದು.

“ಉಣ್ಣದೇ ಇದ್ರೆ?” ಎಂದಳು ಹೊಸಕೈ. ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕತೆಗೆ ಕೇಳುವ ಪ್ರಶ್ನೆಯ ದನಿ ಅದಾಗಿರಲಿಲ್ಲ.

“ತಾಯಿ ಹೋದವನು ಇನ್ನೊಂದು ಸಲ ಕಡ್ಡಿ ಬಾಯಿಗಿಟ್ಟ” ಎಂದ ತಾತ, ಅವಳಿಗೊಬ್ಬಳಿಗೇ ಎಂಬಂತೆ. “ಹಟಕ್ಕೆ. ಸುಳ್ಳು ಅಂತ ತೋರಿಸೋಕೆ. ಆಮೇಲೆ ಹೆದರಿ ಮೂರು ದಿನ ಉಪವಾಸ ಕೂತ. ನಾಲ್ಕನೇ ದಿನ ಅವನ ತಮ್ಮ ಎದುರು ಕೂತು ಊಟ ಮಾಡ್ತಿದ್ದಾಗ, ಇವನ ಕೈ ಇವನ ಮಾತು ಕೇಳದೆ ಆ ತಟ್ಟೆಗೆ ಹೋಯ್ತು.”

“ಒಬ್ಬಳೇ ಕೂತು ಉಂಡ್ರೆ?”

“ಬಾಯಿ ತೆರೆಯಲ್ಲ. ಎದುರು ಒಂದು ಜೀವ ಉಣ್ತಾ ಇದ್ರೇನೇ ತೆರೆಯೋದು. ನೋಡ್ಕೋ ಬೇಕಾದ್ರೆ.”

ಹೊಸಕೈ ಗೋಡೆಯ ಕಡೆ ಮುಖ ಮಾಡಿ ಡಬ್ಬಿ ತೆರೆದಳು, ರೊಟ್ಟಿಯ ಒಂದು ಚೂರು ಮುರಿದು ತುಟಿಗೆ ಒಯ್ದಳು. ಕಡ್ಡಿ ಹಿಡಿದಾಗ ಇದ್ದಷ್ಟೇ ಬಿಗಿಯಾಗಿ ತುಟಿಗಳು ಕೂಡಿಕೊಂಡಿದ್ದವು. ಬೆರಳಿಂದ ಬಿಡಿಸಲು ನೋಡಿದಳು. ಒಳಗಿನಿಂದ ಯಾರೋ ಹಲ್ಲು ಕಚ್ಚಿ ಹಿಡಿದಂತಿತ್ತು. ಮಾತಿಗೆ ತೆರೆಯುವ ಬಾಯಿ ತುತ್ತಿಗೆ ತೆರೆಯುತ್ತಿರಲಿಲ್ಲ.

“ಅಯ್ಯೋ, ಇವಳು…” ಎಂದಳು ದಪ್ಪಕ್ಕ. ಅವಳ ಮುಖದಿಂದ ನಗೆಯೆಲ್ಲ ಇಳಿದು ಹೋಗಿತ್ತು. “ಅವತ್ತೇ ಹೇಳಿದ್ನಲ್ಲೇ ನಿನಗೆ. ಬೇಡ ಅಂತ.”

“ನಕ್ಕೊಂಡು ಹೇಳಿದ್ರಿ” ಎಂದು ಹೊಸಕೈ ಅವರ ಕಡೆ ತಿರುಗಿದಳು.

ಮೇಸ್ತ್ರಿ ಎದ್ದು ನಿಂತ. “ಏನ್ರೀ ಇದೆಲ್ಲ? ಕತೆ ಕತೆ ಹಾಗಿರಲಿ. ತಾತ, ನಿಮಗೂ ಅಷ್ಟೇ, ವಯಸ್ಸಾದ ಮೇಲೆ…”

“ಕೂತ್ಕೋ.”

ಮೇಸ್ತ್ರಿ ಕೂತ.

ತಾತ ಚಾಕುವನ್ನು ಒರೆಸಿ ಬೆಂಚಿನ ಮೇಲಿಟ್ಟ. ಬೆಂಚಿನ ಕೆಳಗಿಂದ ಒಂದು ಹಳೆಯ ಡಬ್ಬಿ ತೆಗೆದ. ಅವನು ಉಣ್ಣುವುದನ್ನು ಶೆಡ್ಡಿನಲ್ಲಿ ಒಬ್ಬರೂ ಕಂಡಿರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಗೊಬ್ಬರದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಉಣ್ಣುತ್ತಾನೆಂದು ಊಹಿಸಿದ್ದರು. ಮದುವೆಯಾಗಲಿಲ್ಲ ಅವನು. ಹಬ್ಬ, ನೆಂಟರು ಎಂದು ಯಾರ ಮನೆಗೂ ಹೋದವನಲ್ಲ. ಈಗ ನಿಧಾನವಾಗಿ, ಕಾಲೆಳೆಯುತ್ತ, ಮಣ್ಣಿನ ಗುಡ್ಡೆ ಬಳಸಿ ಬಂದು ಹೊಸಕೈಯ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಅವನ ಉಸಿರಿನಲ್ಲಿ ಕಬ್ಬಿಣದ ಮತ್ತು ಕಲ್ಲಿನ ವಾಸನೆಯಿತ್ತು.

“ಬೆಳಿಗ್ಗೆ ನೋಡಿದೆ ನಿನ್ನ” ಎಂದ. “ಮೊದಲ ಕಡ್ಡಿಗೇ ಕೂಗಬಹುದಿತ್ತು. ಗಂಟಲಿಗೆ ಬಂದಿತ್ತು ಕೂಗು. ಮೇಸ್ತ್ರಿ ಹೇಳಲಿ, ಅವನ ಕೆಲಸ, ಅಂದ್ಕೊಂಡೆ… ಮತ್ತೆ ಅದೇ. ಐವತ್ತು ವರ್ಷ ಆದ್ಮೇಲೂ ಅದೇ ಬುದ್ಧಿ ನೋಡು ನನಗೆ.” ಅವನ ಮಾತಿನಲ್ಲಿ ಕನಿಕರವಿರಲಿಲ್ಲ, ಅವಳ ಮೇಲೂ ಇಲ್ಲ, ತನ್ನ ಮೇಲೂ ಇಲ್ಲ. “ಮಗಳಿಗೆಷ್ಟು ವರ್ಷ?”

“ಆರು.”

“ತೆಗಿ ಹಾಗಾದ್ರೆ ತುತ್ತು.”

“ಬೇಡ ತಾತ.”

“ನನಗೋಸ್ಕರ ಬೇಡ ಅಂತಿದೀಯಾ, ನಿನಗೋಸ್ಕರ ಬೇಡ ಅಂತಿದೀಯಾ? ನಿನಗೋಸ್ಕರ ಆದ್ರೆ ಸರಿ, ಮನೆಗೆ ಹೋಗು. ಮಗು ಕಾಯ್ತಿರುತ್ತೆ.” ಅವನು ಡಬ್ಬಿಯ ಮುಚ್ಚಳ ತೆಗೆದ. “ನೀವೆಲ್ಲ ಕೇಳಿಸ್ಕೊಳ್ಳಿ. ಯಾರೂ ಅಡ್ಡ ಬರಬೇಡಿ. ನೀವು ಅಡ್ಡ ಬಂದ್ರೆ ಇಲ್ಲಿ ಆಗಬೇಕಾದ್ದು ಸಂಜೆ ಇವಳ ಮನೇಲಿ ಆಗುತ್ತೆ.”

ಡ್ರೈವರ್ ತನ್ನ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ದಪ್ಪಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೊಸಕೈ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು. ಬೇಡ, ಏಳು, ಇದೆಲ್ಲ ಹುಚ್ಚು ಎಂದು ಒಬ್ಬರಾದರೂ ಅನ್ನಲಿ ಎಂದು ಕಾದಳು. ನಾಲ್ಕು ತಿಂಗಳು ಅವಳ ಮೇಲೆ ನಾಲಗೆ ಹರಿಬಿಟ್ಟವರು ಈಗ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕೂತಿದ್ದರು.

ತಾತ ತುತ್ತು ಮಾಡಿ ಬಾಯಿಗಿಟ್ಟ. ಅಗಿಯಲಿಲ್ಲ. ಕೆನ್ನೆಯಲ್ಲಿಟ್ಟುಕೊಂಡು ಅವಳಿಗಾಗಿ ಕಾದ. ಹೊಸಕೈಗೆ ತಟ್ಟೆಯ ಮುಂದೆ ಕೂತು, ಮೊದಲು ನೀನು ಎನ್ನುವ ಮಗಳ ಮುಖ ಕಂಡಿತು. ಒಂದು ಪ್ರಾಣವನ್ನು ಇನ್ನೊಂದರ ಎದುರಿಗಿಟ್ಟು ತೂಗುವ ಹಕ್ಕು ತನಗೆ ಯಾರು ಕೊಟ್ಟರು ಎಂದು ದೇವರನ್ನು ಕೇಳಿದಳು. ಆದರೆ ಕೇಳುವಾಗಲೇ ಅವಳ ಕೈ ತುತ್ತು ಎತ್ತಿತ್ತು. ಈ ಸಲ ತುಟಿಗಳು ಸಲೀಸಾಗಿ ತೆರೆದವು. ಹುಳಿಯೆಲ್ಲ ಒಮ್ಮೆಗೇ ಹೋಗಿ, ನಾಲಗೆಗೆ ರುಚಿ ತಿಳಿಯಿತು. ಆ ರುಚಿ ತಿಳಿದದ್ದಕ್ಕೇ ಅವಳಿಗೆ ಅಳು ಬಂತು.

ಆಗ ಅವಳ ಮನಸ್ಸು ಬದಲಾಯಿತು. ಈ ಮುದುಕ ಸಾಯಬಾರದು, ಎರಡು ಗುದ್ದು ಸಾಕು ಎಂದು ಅವನೇ ಹೇಳಿದ್ದಾನೆ, ನಾನು ನಿಂತು ನೋಡುವವಳಲ್ಲ ಎಂದುಕೊಂಡು, ಕೈಯೂರಿ, ಮೈಯ ಭಾರವನ್ನೆಲ್ಲ ಮುಂದಕ್ಕೆ ಹಾಕಿದಳು.

ತಾತ ಅವಳ ಮೊಣಕಾಲುಗಳನ್ನೇ ನೋಡುತ್ತಿದ್ದ. ಹೊರಗೆ ಮಳೆ ಸಣ್ಣಗಾಗಿತ್ತು. ಕೆನ್ನೆಯಲ್ಲಿದ್ದ ತುತ್ತನ್ನು ಅವನು ನಾಲಗೆಯಿಂದ ಪಕ್ಕಕ್ಕೆ ಸರಿಸಿ, ಬಹಳ ಶಾಂತವಾಗಿ ಮಾತಾಡಿದ.

“ಇನ್ನೂ ನುಂಗಿಲ್ಲ ನಾನು… ಆಗಲೇ ಕಾಲು ನೆಲಕ್ಕೆ ನೆಟ್ಟುಹೋಯ್ತಾ ನಿಂದು?”